ದುರ್ಗಂಧದ ಹೂಗಳು: ಹಾನಗಲ್ಲ–ಸವಣೂರು ಸೀಮೆಯಿಂದ ಒಂದು ಚಾರಿತ್ರಿಕ ಅವಲೋಕನ

ಪ್ರಸ್ತಾವನೆ

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳು ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಅಂಚಿನಲ್ಲಿವೆ. 1997ರವರೆಗೆ ಇವು ಧಾರವಾಡ ಜಿಲ್ಲೆಯಲ್ಲಿದ್ದವು. ತೇವದ ತೋಟದ ಗಿಡಗಳೂ ಒಣನೆಲದ ಮರಗಳೂ ಇಲ್ಲಿ ಹತ್ತಿರ ಹತ್ತಿರ ಬೆಳೆಯುತ್ತವೆ. ಇವುಗಳಲ್ಲಿ ಕೆಲವು ಕೆಟ್ಟ ವಾಸನೆಯ ಹೂ ಬಿಡುತ್ತವೆ. ನಾರುವ ಹೂ ಎಂದರೆ ನೊಣವನ್ನು ವಂಚಿಸುವ ಹೂ ಎಂಬ ನಂಬಿಕೆ ವಿಜ್ಞಾನದ ಓದುಗರಲ್ಲಿ ಬೇರೂರಿದೆ. ಆ ನಂಬಿಕೆ ಅರ್ಧ ಮಾತ್ರ ನಿಜ ಎಂಬುದೇ ಈ ಲೇಖನದ ವಾದ. ವಾಸನೆ ಯಾವುದೆಂದು ತಿಳಿದರೆ ಸಾಲದು, ಬಂದ ಜೀವಿಗೆ ಹೂವು ಏನು ಕೊಡುತ್ತದೆ ಎಂಬುದನ್ನೂ ಕೇಳಬೇಕು.

ವಂಚನೆಯ ಕಲ್ಪನೆ ಬೆಳೆದ ಬಗೆ

ಹೂವಿಗೂ ಕೀಟಕ್ಕೂ ಇರುವ ಸಂಬಂಧವನ್ನು ವ್ಯವಸ್ಥಿತವಾಗಿ ಬರೆದಿಟ್ಟವರಲ್ಲಿ ಜರ್ಮನಿಯ ಕ್ರಿಶ್ಚಿಯನ್ ಕೊನ್ರಾಡ್ ಸ್ಪ್ರೆಂಗೆಲ್ ಮೊದಲಿಗರು. ಮಕರಂದವೇ ಇಲ್ಲದ ಆರ್ಕಿಡ್‌ಗಳು ಕೀಟಗಳನ್ನು ಮರುಳುಮಾಡುತ್ತವೆ ಎಂದು ಅವರು 1793ರ ತಮ್ಮ ಗ್ರಂಥದಲ್ಲಿ ಹೇಳಿದರು. ಯುರೋಪಿನ ಅರಿಸ್ಟೊಲೋಕಿಯಾ ಬಳ್ಳಿಯ ಹೂವಿನಲ್ಲಿ ನೊಣಗಳು ಸೆರೆಯಾಗುವುದನ್ನೂ ವರ್ಣಿಸಿದರು. ಸಮಕಾಲೀನರು ಈ ಮಾತಿಗೆ ಬೆಲೆ ಕೊಡಲಿಲ್ಲ. 1862ರಲ್ಲಿ ಆರ್ಕಿಡ್‌ಗಳ ಬಗ್ಗೆ ಬರೆದ ಚಾರ್ಲ್ಸ್ ಡಾರ್ವಿನ್ ಅವರಿಗೂ ಇಷ್ಟು ದೊಡ್ಡ ಮೋಸ ತಲೆಮಾರುಗಟ್ಟಲೆ ನಡೆಯುತ್ತದೆಂದು ನಂಬಲಾಗಲಿಲ್ಲ. ಇಟಲಿಯ ಫೆಡೆರಿಕೊ ಡೆಲ್ಪಿನೊ 19ನೇ ಶತಮಾನದ ಉತ್ತರಾರ್ಧದಲ್ಲಿ ಹೂಗಳನ್ನು ಅವುಗಳ ಅತಿಥಿಗಳ ಪ್ರಕಾರ ವಿಂಗಡಿಸಿದಾಗ, ಕೊಳೆತದ ಮೇಲೆ ಬದುಕುವ ನೊಣಗಳನ್ನು ಕರೆಯುವ ಹೂಗಳಿಗೆ ಪ್ರತ್ಯೇಕ ಸ್ಥಾನ ಸಿಕ್ಕಿತು. 1926ರಲ್ಲಿ ಫ್ರಿಟ್ಸ್ ಕ್ನೋಲ್ ಕೃತಕ ಮಾದರಿಗಳನ್ನಿಟ್ಟು ಪರೀಕ್ಷಿಸಿ, ಆರಮ್ ಗಿಡದ ಬಲೆಗೆ ಕೀಟಗಳನ್ನು ಸೆಳೆಯುವುದು ಮುಖ್ಯವಾಗಿ ವಾಸನೆಯೇ ಎಂದು ತೋರಿಸಿದರು.

ನಮ್ಮ ಭಾಗದ ಸಸ್ಯಗಳು ಆ ವೇಳೆಗಾಗಲೇ ಪುಸ್ತಕ ಸೇರಿದ್ದವು. 1901ರಿಂದ 1908ರ ನಡುವೆ ಪ್ರಕಟವಾದ ಥಿಯೊಡೋರ್ ಕುಕ್ ಅವರ ಮುಂಬಯಿ ಪ್ರಾಂತದ ಸಸ್ಯಸಂಪುಟಗಳು ಧಾರವಾಡ ಸೀಮೆಯನ್ನೂ ಒಳಗೊಂಡಿವೆ. ಆದರೆ ಒಣಗಿಸಿ ಹಾಳೆಗೆ ಅಂಟಿಸಿದ ಮಾದರಿಯಲ್ಲಿ ಎಲೆ, ದಳಗಳ ಆಕಾರ ಉಳಿಯುತ್ತದೆ, ವಾಸನೆ ಉಳಿಯುವುದಿಲ್ಲ. ಹೂವಿನ ವಾಸನೆಯ ಅಧ್ಯಯನ ತಡವಾದದ್ದಕ್ಕೆ ಇದೂ ಒಂದು ಕಾರಣ.

ಸುವರ್ಣಗಡ್ಡೆ ಮತ್ತು ಈಶ್ವರಿಬಳ್ಳಿ

ಅಡುಗೆಗೆ ಬಳಸುವ ಸುವರ್ಣಗಡ್ಡೆ ವಂಚಕ ಹೂವಿಗೆ ಒಳ್ಳೆಯ ನಿದರ್ಶನ. ಬಲಿತ ಗಡ್ಡೆಯನ್ನು ಕೀಳದೆ ನೆಲದಲ್ಲೇ ಬಿಟ್ಟರೆ, ಮುಂಗಾರಿನ ಮೊದಲ ಮಳೆಯ ಹೊತ್ತಿಗೆ ಎಲೆಗಿಂತ ಮೊದಲು ಹೂಗೊಂಚಲು ಮೇಲೇಳುತ್ತದೆ. ತುದಿಯಲ್ಲಿ ಕಂದುಗೆಂಪು ಬಣ್ಣದ ಉಬ್ಬಿದ ಭಾಗ, ಅದರ ಕೆಳಗೆ ಗಂಡು ಹೂಗಳು, ಬುಡದಲ್ಲಿ ಹೆಣ್ಣು ಹೂಗಳು ಇರುತ್ತವೆ. ಮೊದಲು ಪಕ್ವವಾಗುವುದು ಹೆಣ್ಣು ಹೂ. ಆಗ ಗೊಂಚಲು ಬಿಸಿಯೇರಿ ಸತ್ತ ಪ್ರಾಣಿಯ ನಾತ ಬೀರುತ್ತದೆ. ಕೀಟಗಳು ಬೇರೆ ಗೊಂಚಲಿನ ಪರಾಗವನ್ನು ಹೊತ್ತು ಬರುವುದು ಈ ಹೊತ್ತಿನಲ್ಲೇ. ಪರಾಗ ಉದುರುವುದು ಆಮೇಲೆ. ಹೀಗಾಗಿ ಒಂದೇ ಗೊಂಚಲಿನೊಳಗೆ ಪರಾಗಸ್ಪರ್ಶ ಆಗುವುದು ತಪ್ಪುತ್ತದೆ.

ಈ ಕುಲದ ಗಿಡಗಳಿಗೆ ನೊಣಗಳಷ್ಟೇ ಬರುತ್ತವೆ ಎಂಬ ಅಭಿಪ್ರಾಯವನ್ನು ಭಾರತೀಯ ಸಂಶೋಧಕರು ತಿದ್ದಿದ್ದಾರೆ. 1989ರಲ್ಲಿ ಶಿವದಾಸನ್ ಮತ್ತು ಸಾಬು ಇದೇ ಕುಲದ ಒಂದು ಪ್ರಭೇದದಲ್ಲಿ ಜೀರುಂಡೆಗಳಿಂದ ಪರಾಗಸ್ಪರ್ಶವಾಗುವುದನ್ನು ವರದಿ ಮಾಡಿದರು. 2010ರಲ್ಲಿ ಪುಣೇಕರ್ ಮತ್ತು ಕುಮಾರನ್ ಉತ್ತರ ಪಶ್ಚಿಮಘಟ್ಟ ಹಾಗೂ ಕೊಂಕಣದ ಪ್ರಭೇದಗಳ ಪರಾಗಸ್ಪರ್ಶವನ್ನು ವಿಸ್ತಾರವಾಗಿ ದಾಖಲಿಸಿದರು.

ಈ ನಾತದ ರಸಾಯನ ಸ್ಪಷ್ಟವಾದದ್ದು 1990ರ ದಶಕದಲ್ಲಿ. ಜೆಫ್ರಿ ಕೈಟ್ ಮತ್ತು ವಿಲ್ಬರ್ಟ್ ಹೆಟರ್‌ಸ್ಕೀಡ್ ಈ ಕುಲದ ಅನೇಕ ಪ್ರಭೇದಗಳ ವಾಸನೆಯಲ್ಲಿ ಗಂಧಕಯುಕ್ತ ಡೈಮೀಥೈಲ್ ಡೈಸಲ್ಫೈಡ್ ಮತ್ತು ಟ್ರೈಸಲ್ಫೈಡ್‌ಗಳನ್ನು ಗುರುತಿಸಿದರು. ಮಾಂಸ ಕೊಳೆಯುವಾಗ ಹೊಮ್ಮುವುದೂ ಇಂಥ ಸಂಯುಕ್ತಗಳೇ. ಇದೇ ಕುಟುಂಬಕ್ಕೆ ಸೇರಿದ ಮೆಡಿಟರೇನಿಯನ್ ಗಿಡವೊಂದರ ಮೇಲೆ 2002ರಲ್ಲಿ ನಡೆದ ಪ್ರಯೋಗದಲ್ಲಿ, ಮಾಂಸದ ನೊಣದ ಮೀಸೆಗಳು ಹೂವಿನ ವಾಸನೆಗೂ ಹೆಣದ ವಾಸನೆಗೂ ಒಂದೇ ರೀತಿ ಸ್ಪಂದಿಸಿದವು.

ಕರ್ನಾಟಕದ ಬೇಲಿಗಳಲ್ಲಿ, ಕುರುಚಲು ಕಾಡುಗಳಲ್ಲಿ ಹಬ್ಬುವ ಈಶ್ವರಿಬಳ್ಳಿಯು ಸ್ಪ್ರೆಂಗೆಲ್ ಕಂಡ ಬಳ್ಳಿಯ ಕುಲದ್ದೇ. ಇದರ ಕೊಳವೆಯಂಥ ಹೂವಿನೊಳಗಿನ ರೋಮಗಳು ಕೆಳಮುಖವಾಗಿರುವುದರಿಂದ ಒಳಹೊಕ್ಕ ಸಣ್ಣ ನೊಣ ಹಿಂದಿರುಗಲಾರದು. ಪರಾಗ ಹೊರಬಂದು ರೋಮಗಳು ಬಾಡಿದ ಮೇಲೆ ನೊಣಕ್ಕೆ ಬಿಡುಗಡೆ.

ಸವಣೂರಿನ ದೊಡ್ಡಹುಣಸೆ

ಸವಣೂರಿನ ದೊಡ್ಡಹುಣಸೆ ಕಲ್ಮಠದ ಆವರಣದಲ್ಲಿರುವ ದೈತ್ಯ ಮರಗಳು ಆಫ್ರಿಕಾ ಮೂಲದ ಬಾವೊಬಾಬ್‌ಗಳು. ಶ್ರೀಕೃಷ್ಣನೇ ಇವನ್ನು ತಂದನೆಂಬ ಐತಿಹ್ಯವಿದೆ. ಉದ್ದ ತೊಟ್ಟಿನಿಂದ ಜೋತುಬೀಳುವ ಇದರ ದೊಡ್ಡ ಬಿಳಿ ಹೂ ಸಂಜೆಯ ನಂತರ ಅರಳಿ, ಹುಳಿತ ಮಾಂಸದಂಥ ವಾಸನೆ ಬೀರುತ್ತದೆ. ಸುವರ್ಣಗಡ್ಡೆಯ ಸಾಲಿಗೆ ಇದನ್ನೂ ಸೇರಿಸುವುದು ಸುಲಭ, ಆದರೆ ಹಾಗೆ ಮಾಡಿದರೆ ತಪ್ಪಾಗುತ್ತದೆ. ಈ ಹೂವಿನಲ್ಲಿ ಧಾರಾಳ ಮಕರಂದವಿದೆ. ಅದನ್ನು ಕುಡಿಯಲು ಹಣ್ಣುಬಾವಲಿಗಳು ಬರುತ್ತವೆ, ಬಂದವು ಪರಾಗವನ್ನು ಮೈಗೆ ಅಂಟಿಸಿಕೊಂಡು ಹೋಗುತ್ತವೆ. ಜಾವಾದಲ್ಲಿ ಕೆಲಸ ಮಾಡಿದ ವಾನ್ ಡೆರ್ ಪೈಲ್ 1930ರ ದಶಕದಲ್ಲಿ ಬಾವಲಿ ಹೂಗಳ ಲಕ್ಷಣಗಳನ್ನು ಗುರುತಿಸಿದರು. ಗಂಧಕಯುಕ್ತ ವಾಸನೆಗೆ ಅಮೆರಿಕದ ಮಕರಂದ ಬಾವಲಿಗಳು ಓಗೊಡುತ್ತವೆ ಎಂಬುದು 2000ದಲ್ಲಿ ಪ್ರಯೋಗದಿಂದ ದೃಢಪಟ್ಟಿತು. ಗಂಧಕದ ಸಂಯುಕ್ತಗಳು ನೊಣಕ್ಕೆ ಇಲ್ಲದ ಮಾಂಸದ ಆಸೆ ಹುಟ್ಟಿಸಬಲ್ಲವು, ಬಾವಲಿಗೆ ಇರುವ ಊಟದ ದಾರಿಯನ್ನೂ ತೋರಿಸಬಲ್ಲವು.

ಸಮಾರೋಪ

ದುರ್ಗಂಧ ಒಂದು ಸಂಕೇತ. ಅದು ಮೋಸವೋ ನಿಜವೋ ಎಂಬುದನ್ನು ತೀರ್ಮಾನಿಸುವುದು ಅದರ ಹಿಂದೆ ಪ್ರತಿಫಲ ಇದೆಯೇ ಇಲ್ಲವೇ ಎಂಬ ಸಂಗತಿ. ಈ ವಿವೇಚನೆಗೆ ಪ್ರಾಯೋಗಿಕ ಮಹತ್ವವೂ ಇದೆ. ಬಾವೊಬಾಬ್ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಅದಕ್ಕೆ ಇನ್ನೊಂದು ಮರದ ಪರಾಗ ತಂದುಕೊಡುವವರು ಬೇಕು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಣ್ಣುಬಾವಲಿಗಳನ್ನು ಪೀಡೆ ಪ್ರಾಣಿಗಳ ಪಟ್ಟಿಯಲ್ಲಿಟ್ಟಿತ್ತು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿದೆ. ಕಾನೂನು ಬದಲಾದಂತೆ ಜನರ ಅಸಹ್ಯವೂ ಬದಲಾಗಬೇಕು. ಸವಣೂರಿನ ಮರಗಳನ್ನು ಕಾಯುವವರು ಕಾಂಡಕ್ಕೆ ಬೇಲಿ ಹಾಕಿ ಸುಮ್ಮನಾಗದೆ, ಸುತ್ತಲಿನ ಬಾವಲಿಗಳ ನೆಲೆಗಳನ್ನೂ ಉಳಿಸಿಕೊಳ್ಳಬೇಕು. ಜಿಲ್ಲೆಯ ಕಾಲೇಜುಗಳ ಸಸ್ಯಶಾಸ್ತ್ರ ವಿಭಾಗಗಳು ಈ ಮರಗಳು ಹೂಬಿಡುವ ಕಾಲದಲ್ಲಿ ರಾತ್ರಿಯ ವೀಕ್ಷಣೆ ನಡೆಸಿ, ಯಾವ ಜೀವಿ ಯಾವ ಹೊತ್ತಿಗೆ ಬಂತು ಎಂಬುದನ್ನು ವರ್ಷ ವರ್ಷವೂ ದಾಖಲಿಸಬೇಕು.