ಆಮೆ, ಹಲ್ಲಿ ಸಾಕ್ಬೇಕು ಅಂತಿದ್ದೀರಾ? ಮೊದಲು ಒಂದು ಥರ್ಮಾಮೀಟರ್ ತನ್ನಿ

ಅಕ್ವೇರಿಯಂ ಅಂಗಡಿಯ ಗಾಜಿನ ಬೌಲ್‌ನಲ್ಲಿ ಹಸಿರು ಬಣ್ಣದ ಪುಟ್ಟ ಆಮೆಮರಿ ಕೈಕಾಲು ಆಡಿಸ್ತಾ ಇರುತ್ತೆ. ಕಣ್ಣಿನ ಹಿಂದೆ ಕೆಂಪು ಗೆರೆ. ಮಗು ಬೇಕೇ ಬೇಕು ಅಂತ ಹಟ ಹಿಡಿಯುತ್ತೆ. ‘ದಿನಾ ನಾಲ್ಕು ಕಾಳು ಹಾಕಿ ಸಾಕು’ ಅಂತಾರೆ ಅಂಗಡಿಯವರು. ಬೌಲ್, ಬಣ್ಣದ ಕಲ್ಲು, ಒಂದು ಪ್ಲಾಸ್ಟಿಕ್ ಗಿಡದ ಜೊತೆ ಆಮೆ ಮನೆಗೆ ಬರುತ್ತೆ. ಕೆಲವು ತಿಂಗಳಾದ ಮೇಲೆ ಕಣ್ಣು ಊದಿಕೊಂಡು, ಚಿಪ್ಪು ಮೆತ್ತಗಾಗಿ ಸಾಯುತ್ತೆ. ‘ಪಾಪ, ಅದರ ಆಯಸ್ಸು ಅಷ್ಟೇ’ ಅಂದುಕೊಂಡು ಸುಮ್ಮನಾಗ್ತೀವಿ.

ಅದರ ಆಯಸ್ಸು ಅಷ್ಟೇ ಆಗಿರಲಿಲ್ಲ. ಕೆಂಪು ಕಿವಿಯ ಆಮೆ, ಅಂದರೆ ರೆಡ್ ಇಯರ್ಡ್ ಸ್ಲೈಡರ್, ಸರಿಯಾಗಿ ನೋಡಿಕೊಂಡರೆ 20ರಿಂದ 30 ವರ್ಷ ಬದುಕುತ್ತದೆ. ಸತ್ತದ್ದು ಬಿಸಿ, ಬೆಳಕು ಮತ್ತು ನೀರು ಸರಿ ಇಲ್ಲದ್ದರಿಂದ. ನಾಯಿಗೆ ಹಸಿವಾದರೆ ಬೊಗಳುತ್ತೆ, ಬೆಕ್ಕು ಕಾಲು ಸುತ್ತುತ್ತೆ. ಆಮೆ, ಹಲ್ಲಿಗಳು ಕಷ್ಟವನ್ನು ತೋರಿಸಿಕೊಳ್ಳುವುದಿಲ್ಲ. ನಮ್ಮ ಕಣ್ಣಿಗೆ ಕಾಯಿಲೆ ಕಾಣಿಸುವ ಹೊತ್ತಿಗೆ ತುಂಬಾ ತಡವಾಗಿರುತ್ತೆ. ಹಾಗಾಗಿ ಇವನ್ನು ಸಾಕುವವರು ಅಂದಾಜು ಬಿಟ್ಟು ಅಳತೆ ಹಿಡಿದು ಸಾಕಬೇಕು.

ಮೊದಲು ಕಾನೂನು

ನಮ್ಮ ನೆಲದ ಆಮೆ, ಉಡಗಳನ್ನು ಮನೆಯಲ್ಲಿ ಸಾಕುವ ಯೋಚನೆಯೇ ಬೇಡ. ‘ಮನೆಗೆ ಅದೃಷ್ಟ ಬರುತ್ತೆ’ ಅಂತ ಕದ್ದುಮುಚ್ಚಿ ಮಾರುವ ನಕ್ಷತ್ರ ಆಮೆ, ಕೆರೆ ಬದಿಯ ಉಡ ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿವೆ. ಇಟ್ಟುಕೊಂಡು ಸಿಕ್ಕಿಬಿದ್ದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಜೊತೆಗೆ ದಂಡ. ಯಾರೋ ಉಡುಗೊರೆ ಕೊಟ್ಟರು ಅನ್ನುವ ಸಬೂಬು ನಡೆಯಲ್ಲ. ನಕ್ಷತ್ರ ಆಮೆಯ ಅಂತರರಾಷ್ಟ್ರೀಯ ವ್ಯಾಪಾರವನ್ನೂ 2019ರಲ್ಲಿ ನಿಷೇಧಿಸಲಾಗಿದೆ.

ವಿದೇಶಿ ಪ್ರಾಣಿಗಳಿಗೂ ನಿಯಮ ಇದೆ. 2022ರ ತಿದ್ದುಪಡಿಯ ನಂತರ, ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಜೀವಿಗಳು ಕಾಯ್ದೆಯ 4ನೇ ಅನುಸೂಚಿಗೆ ಬಂದಿವೆ. ಅವುಗಳನ್ನು ಇಟ್ಟುಕೊಂಡವರು 2024ರ ನಿಯಮಗಳ ಪ್ರಕಾರ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಹಸಿರು ಇಗುವಾನ ಈ ಪಟ್ಟಿಯಲ್ಲಿದೆ. ಸಾಕುಪ್ರಾಣಿ ಅಂಗಡಿಗಳೂ 2018ರ ನಿಯಮಗಳಂತೆ ನೋಂದಣಿ ಹೊಂದಿರಬೇಕು. ನೋಂದಣಿ ಸಂಖ್ಯೆ ಕೇಳಿ, ಬಿಲ್ ಕೇಳಿ. ಬಿಲ್ ಕೊಡಲ್ಲ ಅಂದರೆ ವಾಪಸ್ ಬನ್ನಿ.

ಬಿಸಿ ಮತ್ತು ಬೆಳಕು

ಇವು ಶೀತರಕ್ತ ಪ್ರಾಣಿಗಳು. ಮೈಗೆ ಬೇಕಾದ ಬಿಸಿಯನ್ನು ಹೊರಗಿನಿಂದಲೇ ಪಡೆಯಬೇಕು. ಬಿಸಿ ಕಡಿಮೆಯಾದರೆ ತಿಂದದ್ದು ಜೀರ್ಣವಾಗಲ್ಲ, ರೋಗನಿರೋಧಕ ಶಕ್ತಿಯೂ ಕುಸಿಯುತ್ತೆ. ಆದ್ದರಿಂದ ಗೂಡಿನಲ್ಲಿ ಒಂದು ಬದಿ ಬೆಚ್ಚಗೆ, ಇನ್ನೊಂದು ಬದಿ ತಂಪಾಗಿ ಇರಬೇಕು. ಎಲ್ಲಿರಬೇಕು ಅನ್ನುವುದನ್ನು ಪ್ರಾಣಿಯೇ ಆರಿಸಿಕೊಳ್ಳುತ್ತದೆ. ಎರಡೂ ಬದಿಗೆ ಒಂದೊಂದು ಡಿಜಿಟಲ್ ಥರ್ಮಾಮೀಟರ್, ಹೀಟರಿಗೆ ಥರ್ಮೋಸ್ಟಾಟ್ ಕಡ್ಡಾಯ. ಕೆಳಗಿನಿಂದ ಕಾಯುವ ‘ಹೀಟ್ ರಾಕ್’ ಬೇಡ, ಹೊಟ್ಟೆ ಸುಟ್ಟರೂ ಹಲ್ಲಿಗಳು ಅದರ ಮೇಲಿಂದ ಏಳುವುದಿಲ್ಲ.

ಬೆಂಗಳೂರಿನ ಡಿಸೆಂಬರ್ ರಾತ್ರಿಯಲ್ಲಿ ತಾಪಮಾನ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತೆ, ಆಗ ಹೀಟರ್ ಇಲ್ಲದೆ ಆಗಲ್ಲ. ಕಲಬುರಗಿಯ ಮೇ ತಿಂಗಳಲ್ಲಿ ಸಮಸ್ಯೆ ಉಲ್ಟಾ, ಗೂಡನ್ನು ತಂಪಾಗಿಡುವುದೇ ಕೆಲಸ. ಮಂಗಳೂರಿನ ತೇವದಲ್ಲಿ ಮರುಭೂಮಿಯ ಹಲ್ಲಿಗಳಿಗೆ ಉಸಿರಾಟದ ತೊಂದರೆ ಬರಬಹುದು.

ಎರಡನೆಯದು ಯುವಿಬಿ ಬೆಳಕು. ಚರ್ಮದ ಮೇಲೆ ಈ ಕಿರಣ ಬಿದ್ದರೆ ಮಾತ್ರ ಹಗಲು ಓಡಾಡುವ ಸರೀಸೃಪಗಳ ದೇಹದಲ್ಲಿ ಸಾಕಷ್ಟು ಡಿ3 ವಿಟಮಿನ್ ತಯಾರಾಗುತ್ತೆ. ಅದಿಲ್ಲದೆ ಕ್ಯಾಲ್ಸಿಯಂ ಹೀರಿಕೊಳ್ಳಲು ಆಗಲ್ಲ, ಮೂಳೆ, ಚಿಪ್ಪು ಮೆತ್ತಗಾಗುತ್ತೆ. ಕಿಟಕಿಯ ಗಾಜು ಯುವಿಬಿಯನ್ನು ತಡೆಯುತ್ತೆ, ಹಾಗಾಗಿ ‘ಕಿಟಕಿ ಪಕ್ಕ ಇಟ್ಟಿದೀವಿ’ ಅಂದರೆ ಪ್ರಯೋಜನ ಇಲ್ಲ. ಯುವಿಬಿ ದೀಪವನ್ನು ದಿನಕ್ಕೆ 10-12 ಗಂಟೆ ಉರಿಸಿ, 6ರಿಂದ 12 ತಿಂಗಳಿಗೊಮ್ಮೆ ಬದಲಿಸಿ. ದೀಪ ಉರೀತಾನೇ ಇದ್ದರೂ ಯುವಿಬಿ ಕಡಿಮೆಯಾಗಿರುತ್ತೆ. ತಾರಸಿ ಇದ್ದರೆ ಬೆಳಗಿನ ಎಳೆಬಿಸಿಲು ಇನ್ನೂ ಒಳ್ಳೇದು. ಆದರೆ ಟಬ್ಬಿನ ಅರ್ಧಕ್ಕೆ ನೆರಳಿರಲಿ, ಮೇಲೆ ಜಾಲರಿ ಇರಲಿ, ನೀವು ಅಲ್ಲೇ ಇರಿ. ಕಾಗೆ, ಹದ್ದು, ಬೆಕ್ಕುಗಳಿಗೆ ಒಂದೇ ನಿಮಿಷ ಸಾಕು.

ಕೆಂಪು ಕಿವಿಯ ಆಮೆಗೆ ಏನು ಬೇಕು?

ಜಾಗ: ಹೆಣ್ಣು ಆಮೆ 25 ಸೆಂಟಿಮೀಟರ್‌ಗೂ ಹೆಚ್ಚು ಉದ್ದ ಬೆಳೆಯಬಲ್ಲದು. ಚಿಪ್ಪಿನ ಪ್ರತಿ ಇಂಚಿಗೆ ಸುಮಾರು 40 ಲೀಟರ್ ನೀರು ಅನ್ನುವುದು ಸಾಮಾನ್ಯ ಲೆಕ್ಕ. ಅಂದರೆ ಬೆಳೆದ ಆಮೆಗೆ 400 ಲೀಟರ್. ಬೌಲ್ ಬಿಡಿ, ಮಾಮೂಲಿ ಮೀನಿನ ಟ್ಯಾಂಕೂ ಸಾಲಲ್ಲ. ದೊಡ್ಡ ಪ್ಲಾಸ್ಟಿಕ್ ತೊಟ್ಟಿ ಅಗ್ಗ, ಅನುಕೂಲವೂ ಹೌದು.

ನೀರು: 24ರಿಂದ 28 ಡಿಗ್ರಿ. ಆಮೆ ತಿನ್ನುವುದೂ ಗಲೀಜು ಮಾಡುವುದೂ ನೀರಲ್ಲೇ, ಅದಕ್ಕೆ ಮೀನಿಗಿಂತ ಶಕ್ತಿಶಾಲಿ ಫಿಲ್ಟರ್ ಬೇಕು. ಫಿಲ್ಟರ್ ಇದ್ದರೂ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ನಲ್ಲಿ ನೀರಿಗೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿ. ನೀರು ಖಾಲಿ ಮಾಡುವ ಮೊದಲು ಹೀಟರ್ ಆಫ್ ಮಾಡೋದು ಮರೀಬೇಡಿ.

ಒಣ ಜಾಗ: ಪೂರ್ತಿ ನೀರಿನಿಂದ ಹೊರಬಂದು ಮೈ ಒಣಗಿಸಿಕೊಳ್ಳುವ ಕಟ್ಟೆ ಬೇಕೇ ಬೇಕು. ಅಲ್ಲಿ 32-35 ಡಿಗ್ರಿ ಬಿಸಿ, ಮೇಲೆ ಯುವಿಬಿ ದೀಪ.

ಊಟ: ಮರಿಗೆ ದಿನಾ, ಬೆಳೆದ ಮೇಲೆ ಎರಡು-ಮೂರು ದಿನಕ್ಕೊಮ್ಮೆ ಆಮೆಯ ಪೆಲೆಟ್ ಕೊಡಿ, ಒಂದು ಸಲಕ್ಕೆ ಅದರ ತಲೆಯ ಗಾತ್ರದಷ್ಟು ಮಾತ್ರ. ದೊಡ್ಡದಾಗುತ್ತಾ ಸೊಪ್ಪು ಹೆಚ್ಚಿಸಿ: ನುಗ್ಗೆಸೊಪ್ಪು, ದಾಸವಾಳದ ಎಲೆ, ತುರಿದ ಕ್ಯಾರೆಟ್, ಸಿಹಿಗುಂಬಳ. ಪಾಲಕ್ ಕ್ಯಾಲ್ಸಿಯಂಗೆ ಅಡ್ಡಿ ಮಾಡುತ್ತೆ, ಆದಷ್ಟು ಬೇಡ. ಒಣಸಿಗಡಿ ಅಪರೂಪದ ತಿಂಡಿ, ಅದೇ ಊಟ ಆಗಬಾರದು. ಅನ್ನ, ಬ್ರೆಡ್, ಹಾಲು ಕೊಡಲೇಬೇಡಿ.

ಹಲ್ಲಿ ಸಾಕೋದಾದ್ರೆ ಯಾವುದು?

ಹೊಸಬರಿಗೆ ಸುಲಭ ಅಂತ ಹೇಳೋದು ಲೆಪರ್ಡ್ ಗೆಕ್ಕೊವನ್ನು. 20-25 ಸೆಂಟಿಮೀಟರ್ ಬೆಳೆಯುತ್ತೆ, 15-20 ವರ್ಷ ಬದುಕುತ್ತೆ, ಮುಸ್ಸಂಜೆಯ ಮೇಲೆ ಚುರುಕಾಗುತ್ತೆ. ಬೆಚ್ಚಗಿನ ಬದಿ 30-32 ಡಿಗ್ರಿ, ತಂಪು ಬದಿ 24-26. ಅಡಗಿಕೊಳ್ಳಲು ಎರಡೂ ಬದಿಗೆ ಒಂದೊಂದು ಗೂಡು, ಪೊರೆ ಬಿಡಲು ಒದ್ದೆ ಪಾಚಿ ಹಾಕಿದ ಇನ್ನೊಂದು ಗೂಡು ಬೇಕು. ನೆಲಕ್ಕೆ ಮರಳು ಬೇಡ, ನುಂಗಿದರೆ ಕರುಳಿಗೆ ಕಟ್ಟಿಕೊಳ್ಳುತ್ತೆ. ಟೈಲ್ಸ್ ಅಥವಾ ಪೇಪರ್ ಸಾಕು.

ಇದು ಸೊಪ್ಪು ಮುಟ್ಟಲ್ಲ, ಜೀವಂತ ಹುಳವೇ ಬೇಕು. ಮನೆಯಲ್ಲಿ ಮಿಡತೆ, ಜಿರಲೆ ಸಾಕುವುದನ್ನು ಮನೆಯವರು ಒಪ್ಪುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ. ಹುಳ ಹಲ್ಲಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದಿರಬಾರದು. ಕೊಡುವ ಮುನ್ನ ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ. ತೋಟದಲ್ಲಿ ಹಿಡಿದ ಹುಳದಲ್ಲಿ ಕೀಟನಾಶಕ ಇರುತ್ತೆ, ಅದು ಬೇಡ.

ಆಸ್ಟ್ರೇಲಿಯಾ ಮೂಲದ ಬಿಯರ್ಡೆಡ್ ಡ್ರ್ಯಾಗನ್ ಮನುಷ್ಯರ ಜೊತೆ ಬೇಗ ಹೊಂದಿಕೊಳ್ಳುತ್ತೆ. ಆದರೆ ಅದಕ್ಕೆ 4 ಅಡಿ ಉದ್ದದ ಗೂಡು, ಬಿಸಿಲು ಕಾಯುವ ಜಾಗದಲ್ಲಿ 38-42 ಡಿಗ್ರಿ ಮತ್ತು ಪ್ರಬಲ ಯುವಿಬಿ ಬೇಕು. ಮರಿ ಹೆಚ್ಚಾಗಿ ಹುಳ ತಿನ್ನುತ್ತೆ, ದೊಡ್ಡದು ಹೆಚ್ಚಾಗಿ ಸೊಪ್ಪು. ಇಗುವಾನ ಮಾತ್ರ ಹೊಸಬರಿಗೆ ಬೇಡವೇ ಬೇಡ. ಅಂಗೈ ಮೇಲೆ ಕೂರುವ ಮರಿ, ಬಾಲ ಸೇರಿ ಒಂದೂವರೆ ಮೀಟರ್ ಆಗುತ್ತೆ, ಅದಕ್ಕೊಂದು ಕೋಣೆಯೇ ಬೇಕು.

ಯಾವ ಹಲ್ಲಿಯನ್ನೇ ತಂದರೂ ಒಂದು ಗೂಡಿಗೆ ಒಂದೇ. ‘ಜೊತೆಗಿರಲಿ’ ಅಂತ ಎರಡು ಬಿಟ್ಟರೆ ಕಚ್ಚಾಡುತ್ತವೆ, ಬಲವಾದದ್ದು ಇನ್ನೊಂದನ್ನು ಉಪವಾಸ ಕೆಡವುತ್ತೆ.

ಮಕ್ಕಳಿರುವ ಮನೆಗೆ

ಆರೋಗ್ಯವಾಗಿ ಕಾಣುವ ಆಮೆ, ಹಲ್ಲಿಯ ಮೈಮೇಲೂ ಸಾಲ್ಮೊನೆಲ್ಲ ಬ್ಯಾಕ್ಟೀರಿಯಾ ಇರಬಹುದು. ಮಕ್ಕಳಿಗೆ ಈ ಸೋಂಕು ತಗುಲುತ್ತಿದ್ದ ಕಾರಣಕ್ಕೇ ಅಮೆರಿಕ 1975ರಲ್ಲಿ 4 ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟ ನಿಷೇಧಿಸಿತು. ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ. ಟ್ಯಾಂಕನ್ನು ಅಡುಗೆಮನೆ ಸಿಂಕಿನಲ್ಲಿ ತೊಳೀಬೇಡಿ. 5 ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ತೀರಾ ವಯಸ್ಸಾದವರು ಇದ್ದರೆ ಸದ್ಯಕ್ಕೆ ಈ ಆಸೆ ಮುಂದೂಡಿ.

ವೈದ್ಯರ ಬಳಿ ಯಾವಾಗ?

ಕಣ್ಣು ಊದಿ ಮುಚ್ಚಿಕೊಂಡಿದ್ದರೆ, ಮೂಗಿನಲ್ಲಿ ಗುಳ್ಳೆ ಬರುತ್ತಿದ್ದರೆ, ಆಮೆ ಒಂದು ಬದಿಗೆ ವಾಲಿ ಈಜುತ್ತಿದ್ದರೆ, ಚಿಪ್ಪು ಒತ್ತಿದಾಗ ಮೆತ್ತಗಿದ್ದರೆ, ಹಲ್ಲಿಯ ಬಾಲ ಸೊರಗಿದ್ದರೆ, ಕಾಲು ನಡುಗುತ್ತಿದ್ದರೆ ಮನೆಮದ್ದು ಬೇಡ. ಎಲ್ಲ ಪಶುವೈದ್ಯರೂ ಸರೀಸೃಪ ನೋಡುವುದಿಲ್ಲ. ನೋಡುವವರು ನಿಮ್ಮೂರಲ್ಲಿ ಯಾರು ಅಂತ ಪ್ರಾಣಿ ತರುವ ಮೊದಲೇ ವಿಚಾರಿಸಿ. ಯಾರೂ ಸಿಗದಿದ್ದರೆ ತರಬೇಡಿ.

ಸಾಕಾಯ್ತು ಅಂತ ಕೆರೆಗೆ ಬಿಡಬೇಡಿ

ಬೌಲ್‌ನಲ್ಲಿ ಬದುಕುಳಿದ ಆಮೆ ದೊಡ್ಡದಾಗಿ, ನೀರು ವಾಸನೆ ಬರತೊಡಗಿದಾಗ, ‘ಪಾಪ, ಸ್ವತಂತ್ರವಾಗಿರಲಿ’ ಅಂತ ಕೆರೆಗೋ ದೇವಸ್ಥಾನದ ಕಲ್ಯಾಣಿಗೋ ಬಿಡುವವರಿದ್ದಾರೆ. ಇದು ಪುಣ್ಯದ ಕೆಲಸವಲ್ಲ. ಅಮೆರಿಕದ ಮಿಸಿಸಿಪ್ಪಿ ಕಣಿವೆ ಮೂಲದ ಈ ಆಮೆ, ಐಯುಸಿಎನ್‌ನ ತಜ್ಞರ ತಂಡ ಮಾಡಿರುವ ಜಗತ್ತಿನ 100 ಅತ್ಯಂತ ಅಪಾಯಕಾರಿ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಕೇರಳದ ತ್ರಿಶೂರಿನ ಕಾಲುವೆಯಲ್ಲಿ, ಗುವಾಹಟಿಯ ಉಗ್ರತಾರಾ ದೇವಸ್ಥಾನದ ಕೊಳದಲ್ಲಿ ಈಗಾಗಲೇ ಸಿಕ್ಕಿದೆ. ನಮ್ಮ ಕೆರೆಯ ಆಮೆಗಳ ಆಹಾರ, ಬಿಸಿಲು ಕಾಯುವ ಜಾಗ ಎರಡಕ್ಕೂ ಇದು ಪೈಪೋಟಿ, ರೋಗವನ್ನೂ ಹರಡಬಲ್ಲದು. ಸಾಕಲು ಆಗದಿದ್ದರೆ ಸರಿಯಾಗಿ ಸಾಕಬಲ್ಲವರಿಗೆ ಕೊಡಿ, ಇಲ್ಲಾಂದ್ರೆ ಪ್ರಾಣಿ ರಕ್ಷಣಾ ಕೇಂದ್ರದವರನ್ನು ಕೇಳಿ.

ಇಷ್ಟೆಲ್ಲ ಓದಿಯೂ ಬೇಕು ಅನ್ನಿಸಿದರೆ ಹೀಗೆ ಮಾಡಿ. ತೊಟ್ಟಿ, ಫಿಲ್ಟರ್, ಹೀಟರ್, ದೀಪ ಎಲ್ಲ ತಂದು ಜೋಡಿಸಿ, ಪ್ರಾಣಿಯನ್ನು ಮಾತ್ರ ತರಬೇಡಿ. ಎರಡು ವಾರ ಖಾಲಿ ಗೂಡನ್ನೇ ನಡೆಸಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ತಾಪಮಾನ ಬರೆದಿಡಿ, ಕರೆಂಟ್ ಹೋದಾಗ ಎಷ್ಟಕ್ಕೆ ಇಳಿಯಿತು ನೋಡಿ, ಬಿಲ್ ಕೂಡಿಸಿ. ಮನೆಯಲ್ಲಿ ಈಗಾಗಲೇ ಬೌಲ್‌ನಲ್ಲಿ ಆಮೆ ಇದ್ದರೆ ಎರಡು ವಾರ ಕಾಯಬೇಡಿ. ಇವತ್ತೇ ದೊಡ್ಡ ಟಬ್, ಒಂದು ಒಣ ಕಟ್ಟೆ, ನಾಳೆ ಬೆಳಿಗ್ಗೆ ತಾರಸಿಯ ಬಿಸಿಲು, ಇಷ್ಟರಿಂದ ಶುರು ಮಾಡಿ. ಫಿಲ್ಟರ್, ದೀಪ ಈ ವಾರದಲ್ಲೇ ತನ್ನಿ.