ರಾಜಕೋಶಸೂಚಕನ ರಕ್ಷಣೆ

ಅಮರಸಿಂಹನು ತನ್ನ ಕೋಶದಲ್ಲಿ ‘ಸೂಚಕ’ ಶಬ್ದವನ್ನು ಕರ್ಣೇಜಪ, ಪಿಶುನ ಎಂಬ ಶಬ್ದಗಳೊಡನೆ ಪಠಿಸಿರುವನು. ಮನುಸ್ಮೃತಿಯು ಸೂಚಕನಿಗೆ ಜನ್ಮಾಂತರದಲ್ಲಿ ಬಾಯಿಯ ದುರ್ಗಂಧವೇ ಫಲವೆಂದು ಹೇಳುತ್ತದೆ. ಕನ್ನಡದ ಚಾಡಿಕೋರನೂ ಇವನೇ. ಆದರೆ ಕೌಟಿಲೀಯ ಅರ್ಥಶಾಸ್ತ್ರದಲ್ಲಿ ಇದೇ ಸೂಚಕನು ರಾಜಪುರಸ್ಕಾರಕ್ಕೆ ಅರ್ಹನಾಗಿ ಕಾಣುತ್ತಾನೆ. ಒಂದೇ ಶಬ್ದದಲ್ಲಿ ನಿಂದೆಯೂ ಮನ್ನಣೆಯೂ ಹೇಗೆ ಕೂಡಿದುವು, ಅಧಿಕಾರಿಗಳ ಕಳವನ್ನು ಬಯಲಿಗೆ ತರುವ ರಾಜಭೃತ್ಯನಿಗೆ ನಮ್ಮ ಪೂರ್ವಿಕರು ಯಾವ ರಕ್ಷಣೆಯನ್ನು ವಿಧಿಸಿದ್ದರು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಅರ್ಥಶಾಸ್ತ್ರವನ್ನು ಲೋಕಕ್ಕೆ ಮರಳಿ ದೊರಕಿಸಿಕೊಟ್ಟ ಕೀರ್ತಿಯು ಮೈಸೂರಿನ ಓರಿಯೆಂಟಲ್ ಲೈಬ್ರರಿಗೂ, 1909ರಲ್ಲಿ ಅದನ್ನು ಮುದ್ರಿಸಿ 1915ರಲ್ಲಿ ಇಂಗ್ಲಿಷ್ ಭಾಷಾಂತರವನ್ನು ಪ್ರಕಟಿಸಿದ ರುದ್ರಪಟ್ಟಣದ ಶಾಮಶಾಸ್ತ್ರಿಗಳಿಗೂ ಸಲ್ಲತಕ್ಕದ್ದು. ಅದರ ಎರಡನೆಯ ಅಧಿಕರಣದ ಎಂಟನೆಯ ಅಧ್ಯಾಯವು ರಾಜಧನವನ್ನು ಅಪಹರಿಸುವ 40 ಉಪಾಯಗಳನ್ನು ಗಣಿಸುತ್ತದೆ. ಶಂಕೆ ಹುಟ್ಟಿದಾಗ ಬೊಕ್ಕಸದವನು, ಲೆಕ್ಕ ಬರೆಯುವವನು, ಹಣ ತೆಗೆದುಕೊಂಡವನು, ಕೊಟ್ಟವನು, ಕೊಡಿಸಿದವನು ಎಂಬಿವರನ್ನು ಒಬ್ಬೊಬ್ಬರನ್ನಾಗಿ ಪ್ರಶ್ನಿಸಬೇಕು. ಆ ಅಧಿಕಾರಿಯಿಂದ ನೊಂದವರು ಬಂದು ಅರಿಕೆ ಮಾಡಿಕೊಳ್ಳಬಹುದೆಂದು ಸಾರಿಸಬೇಕು. ಅರಿಕೆ ಮಾಡಿದವರಿಗೆ ನಷ್ಟಕ್ಕೆ ತಕ್ಕಂತೆ ಕೊಡಿಸಬೇಕು.

ಅಪಹಾರವನ್ನು ತಿಳಿಸಿ ಸಾಧಿಸಿದ ಸೂಚಕನಿಗೆ ಆ ಧನದ ಆರನೆಯ ಒಂದು ಪಾಲು. ಅವನು ಭೃತಕನಾದರೆ ಹನ್ನೆರಡನೆಯ ಒಂದು ಪಾಲು. ಭೃತಕನಿಗೆ ಅರ್ಧವೇ ಏಕೆ? ಸಂಬಳವನ್ನುಣ್ಣುವವನಿಗೆ ಒಡೆಯನ ಧನವನ್ನು ಕಾಯುವುದು ಮೊದಲೇ ಕರ್ತವ್ಯವಾಗಿರುವುದರಿಂದಲೇ ಎಂದು ನನಗೆ ತೋರುತ್ತದೆ. ಬಹುಧನವನ್ನು ಆರೋಪಿಸಿ ಸ್ವಲ್ಪವನ್ನೇ ಸಾಧಿಸಿದರೆ ಸಾಧಿಸಿದಷ್ಟಕ್ಕೆ ಮಾತ್ರ ಪಾಲು. ಏನನ್ನೂ ಸಾಧಿಸದಿದ್ದರೆ ದಂಡ. ಆರೋಪಿಯ ಪ್ರೇರಣೆಗೆ ಒಳಗಾಗಿ ಹಿಮ್ಮೆಟ್ಟಿದರೆ ವಧೆ. ಸತ್ಯವನ್ನು ಹೇಳುವ ಸೂಚಕನನ್ನೂ ಚಾಡಿಕೋರನನ್ನೂ ಬೇರ್ಪಡಿಸುವುದು ಪ್ರಮಾಣವೊಂದೇ ಎಂಬುದು ಇಲ್ಲಿಯ ತತ್ತ್ವ. ಆದರೆ ಇಷ್ಟು ಕಠಿನವಾದ ನಿಯಮಕ್ಕೆ ಹೆದರಿ ಸತ್ಯವಂತನೂ ಬಾಯಿ ಮುಚ್ಚಿಕೊಂಡಿರಬಹುದೆಂಬ ಶಂಕೆಯು ನಿವಾರಣೆಯಾಗುವುದಿಲ್ಲ.

ಆ ಭಯವನ್ನು ನೇರವಾಗಿ ಎದುರಿಸಿರುವುದು ಮಹಾಭಾರತದ ಶಾಂತಿಪರ್ವ. ಕುಮಾರವ್ಯಾಸನು ಹತ್ತು ಪರ್ವಗಳಿಗೇ ನಿಲ್ಲಿಸಿದುದರಿಂದಲೋ ಏನೋ, ಕನ್ನಡಿಗರಲ್ಲಿ ಈ ಕಥೆಯು ವಿರಳಪ್ರಚಾರವಾಗಿದೆ. ಕೋಶವು ಹಾಳಾಗುವುದನ್ನು ತಿಳಿಸುವವನು ಸಂಬಳದವನಾಗಲಿ ಹೊರಗಿನವನಾಗಲಿ, ರಾಜನು ಅವನ ಮಾತನ್ನು ಏಕಾಂತದಲ್ಲಿ ಕೇಳಬೇಕು, ಅಮಾತ್ಯರಿಂದ ಅವನನ್ನು ಕಾಪಾಡಬೇಕು. ಏಕೆಂದರೆ ಕದಿಯುವ ಅಮಾತ್ಯರು ಅಂಥವನನ್ನು ಕೊಲ್ಲಿಸುವರು ಎಂದು ಭೀಷ್ಮನು ಯುಧಿಷ್ಠಿರನಿಗೆ ಉಪದೇಶಿಸಿ, ನಿದರ್ಶನವನ್ನು ಹೇಳುತ್ತಾನೆ.

ಕಾಲಕವೃಕ್ಷೀಯನೆಂಬ ಮುನಿಯು ಕೋಸಲದ ಕ್ಷೇಮದರ್ಶಿಯ ರಾಜ್ಯದಲ್ಲಿ ಪಂಜರದ ಕಾಗೆಯೊಂದನ್ನು ಹಿಡಿದು, ವಾಯಸವಿದ್ಯೆಯನ್ನು ಕಲಿಯಿರೆಂದು ಸಾರುತ್ತ ಸುತ್ತಿ, ರಾಜಪುರುಷರ ಅಪಹಾರಗಳನ್ನೆಲ್ಲ ಕಂಡುಕೊಂಡನು. ಬಳಿಕ ಸಭೆಗೆ ಬಂದು, ಇಂಥವನು ಇಂಥಲ್ಲಿ ಕದ್ದನೆಂದು ಕಾಗೆಯ ಮಾತೆಂಬ ನೆವದಿಂದ ಹೇಳಿದನು. ಆ ರಾತ್ರಿ ಮುನಿಯು ಮಲಗಿದ್ದಾಗ ಅವರು ಕಾಗೆಯನ್ನು ಬಾಣದಿಂದ ಕೊಂದರು. ಬೆಳಗ್ಗೆ ಮುನಿಯು ಮೊದಲು ಅಭಯವನ್ನು ಬೇಡಿ, ಆ ಬಾಣವು ತನಗಾಗಿಯೇ ಬಂದುದೆಂದು ತಿಳಿಸಿದನು. ರಾಜನು ಅವನನ್ನು ತನ್ನಲ್ಲಿಯೇ ಉಳಿಸಿಕೊಂಡನು. ಆಗಲೂ ಮುನಿಯು ಆತುರವನ್ನು ಬೋಧಿಸಲಿಲ್ಲ: ಕಾಗೆಯ ಕೊಲೆಯನ್ನು ಮುಂದಿಡದೆ ಅವರನ್ನು ಒಬ್ಬೊಬ್ಬರನ್ನಾಗಿ ದುರ್ಬಲಗೊಳಿಸು, ಕಾರಣವನ್ನು ಅರಿತು ದಂಡಿಸು, ಸಮಾನದೋಷವುಳ್ಳವರು ಒಂದಾದರೆ ಅವರನ್ನು ಗೆಲ್ಲುವುದು ಕಷ್ಟ ಎಂದನು.

ಕೌಟಿಲೀಯದಲ್ಲಿ ಪ್ರಮಾಣಪರೀಕ್ಷೆಯೂ ಪುರಸ್ಕಾರವೂ, ಭಾರತದಲ್ಲಿ ಏಕಾಂತಶ್ರವಣವೂ ಅಭಯವೂ ಪ್ರಧಾನ. ಇವೆರಡೂ ಕೂಡಿದಾಗಲೇ ಸೂಚಕರಕ್ಷಣೆ ಪೂರ್ಣವಾಗುವುದು. ಆದರೂ ಒಂದು ನ್ಯೂನತೆಯನ್ನು ಮರೆಮಾಚಬಾರದು. ಇಲ್ಲಿ ಹೇಳಿದುದು ರಾಜನ ಧರ್ಮವೇ ಹೊರತು ಭೃತ್ಯನ ಹಕ್ಕಲ್ಲ. ರಕ್ಷಣೆಯ ಪ್ರಯೋಜನವೂ ಕೋಶದ ಉಳಿವೇ. ರಾಜನೇ ವಿಮುಖನಾದರೆ ಸೂಚಕನು ಮೊರೆಯಿಡುವ ಮತ್ತೊಂದು ಸ್ಥಾನವನ್ನು ಈ ಸಂದರ್ಭಗಳು ತೋರಿಸುವುದಿಲ್ಲ.

ಆ ಹಕ್ಕನ್ನು ಶಾಸನದಿಂದ ಸ್ಥಾಪಿಸುವ ಯತ್ನವು ನಮ್ಮ ಕಾಲದ್ದು. ಹೆದ್ದಾರಿ ಕೆಲಸದಲ್ಲಿನ ಅಕ್ರಮಗಳನ್ನು ಪ್ರಧಾನಮಂತ್ರಿಗಳ ಕಚೇರಿಗೆ ಬರೆದು ತಿಳಿಸಿದ ಇಂಜಿನಿಯರ್ ಸತ್ಯೇಂದ್ರ ದುಬೆಯವರು ತಮ್ಮ ಹೆಸರನ್ನು ಗುಟ್ಟಾಗಿಡಬೇಕೆಂದು ಕೋರಿದ್ದರು. ಪತ್ರವು ಹೆಸರಿನೊಡನೆಯೇ ಕಚೇರಿಯಿಂದ ಕಚೇರಿಗೆ ಹೋಯಿತು. 2003ರ ನವೆಂಬರಿನಲ್ಲಿ ಅವರು ಗಯೆಯಲ್ಲಿ ಕೊಲೆಯಾದರು. ತನಿಖೆಯವರು ಅದನ್ನು ದರೋಡೆಯ ಕೃತ್ಯವೆಂದರು. ಹಾಗೆಯೇ ಇದ್ದರೂ ಏಕಾಂತಶ್ರವಣದ ವಿಧಿಗೆ ಭಂಗ ಬಂದುದಂತೂ ನಿರ್ವಿವಾದ. 2004ರಲ್ಲಿ ಕೇಂದ್ರ ಸರ್ಕಾರವು ಇಂಥ ದೂರುಗಳನ್ನು ಕೇಂದ್ರ ಜಾಗೃತ ಆಯೋಗವು ಸ್ವೀಕರಿಸಿ ಹೆಸರನ್ನು ಗುಪ್ತವಾಗಿಡಬೇಕೆಂದು ನಿರ್ಣಯಿಸಿತು. 2014ರಲ್ಲಿ ರಕ್ಷಣೆಯ ಕಾಯಿದೆಗೆ ರಾಷ್ಟ್ರಪತಿಗಳ ಅಂಕಿತವೂ ಬಿದ್ದಿತು. ಆದರೆ ಅನೇಕ ವರ್ಷಗಳವರೆಗೆ ಅದು ಜಾರಿಗೆ ಬಾರದೆ ಉಳಿಯಿತು.

ಕ್ಷೇಮದರ್ಶಿಯು ಅಭಯವನ್ನು ಕೊಟ್ಟುದು ಕಾಗೆ ಸತ್ತ ಮೇಲೆ. ಅದಕ್ಕೆ ಮುಂಚೆಯೇ ಅಭಯ ದೊರೆಯಬೇಕೆಂಬುದು ಭೀಷ್ಮವಚನದ ತಾತ್ಪರ್ಯವೆಂದು ಭಾವಿಸುತ್ತೇನೆ. ಪ್ರಾಜ್ಞರು ವಿಮರ್ಶಿಸಬೇಕಾಗಿ ಪ್ರಾರ್ಥನೆ.