ಓರೆಗೆರೆಯ ಸಾಕ್ಷ್ಯ: ಕರ್ಣದ ಚರಿತ್ರೆಯಲ್ಲಿ ಕೆಲವು ಘಟ್ಟಗಳು

ಓರೆ ಎಂಬುದಕ್ಕೆ ನಮ್ಮ ಮಾತಿನಲ್ಲಿ ಒಳ್ಳೆಯ ಹೆಸರಿಲ್ಲ. ಕೆಲಸದ ದೋಷಗಳು ಓರೆಕೋರೆಗಳು, ಅವನ್ನು ತಿದ್ದಬೇಕು. ಹಾದಿ ತಪ್ಪಿದವನು ಹಿಡಿದದ್ದು ಅಡ್ಡದಾರಿ. ಬೆಂಗಳೂರಿನ ವಿಶ್ವೇಶ್ವರಪುರದಲ್ಲಿ ಒಂದು ರಸ್ತೆಗೆ ಡಯಾಗನಲ್ ರಸ್ತೆ ಎಂದೇ ಹೆಸರು ನಿಂತಿದೆ. ನೇರ ಬೀದಿಗಳ ನಡುವೆ ಓರೆಯಾದದ್ದೇ ಗುರುತಾಗಿ ಉಳಿಯುತ್ತದೆ. ಆದರೆ ಅಳತೆಯ ಚರಿತ್ರೆಯಲ್ಲಿ ಓರೆಗೆರೆಯ ಸ್ಥಾನ ಬೇರೆ. ಆಕೃತಿ ನೆಟ್ಟಗಿದೆಯೇ ಇಲ್ಲವೇ ಎಂದು ಹೇಳುವ ಅಧಿಕಾರ ಬಹುಕಾಲದಿಂದ ಅದರ ಕೈಯಲ್ಲಿದೆ.

ಮನೆಯ ಪಾಯಕ್ಕೆ ದಾರ ಕಟ್ಟುವ ಮೇಸ್ತ್ರಿಯನ್ನು ಗಮನಿಸಿ. ನಾಲ್ಕು ಮೂಲೆಗೆ ಗೂಟ ಹೊಡೆದು, ಎದುರುಬದುರು ಬದಿಗಳನ್ನು ಸಮ ಮಾಡಿದ ಮೇಲೂ ಅವರಿಗೆ ಸಮಾಧಾನವಿಲ್ಲ. ಟೇಪನ್ನು ಮೂಲೆಯಿಂದ ಮೂಲೆಗೆ ಹಿಡಿದು ಎರಡೂ ಅಳತೆ ಒಂದೇ ಬರುತ್ತದೆಯೇ ಎಂದು ನೋಡುತ್ತಾರೆ. ಎದುರು ಬದಿಗಳು ಸಮವಾಗಿರುವ ಚೌಕಟ್ಟು ಒಂದು ಕಡೆ ವಾಲಿದ್ದರೂ ಬದಿಗಳ ಅಳತೆ ಬದಲಾಗುವುದಿಲ್ಲ. ವಾಲಿಕೆ ಗೊತ್ತಾಗುವುದು ಕರ್ಣಗಳಲ್ಲಿ: ಒಂದು ಉದ್ದವಾಗುತ್ತದೆ, ಇನ್ನೊಂದು ಗಿಡ್ಡವಾಗುತ್ತದೆ.

ಯಜ್ಞವೇದಿಯನ್ನು ಅಳೆಯುವವರಿಗೂ ಇದ್ದದ್ದು ಇದೇ ಚಿಂತೆ. ಸುಮಾರು ಕ್ರಿ.ಪೂ. 8ರಿಂದ 5ನೇ ಶತಮಾನದ ನಡುವಿನದೆಂದು ವಿದ್ವಾಂಸರು ಎಣಿಸುವ ಬೌಧಾಯನ ಶುಲ್ಬಸೂತ್ರದಲ್ಲಿ ಕರ್ಣಕ್ಕೆ ‘ಅಕ್ಷ್ಣಯಾ ರಜ್ಜು’ ಎಂಬ ಹೆಸರಿದೆ, ಅಂದರೆ ಓರೆಯಾಗಿ ಹಾಯ್ದ ಹಗ್ಗ. ಹೆಸರಿನಲ್ಲೇ ಉಪಕರಣ ಇದೆ. ಚೌಕದ ಕರ್ಣದ ಮೇಲೆ ಕಟ್ಟಿದ ಚೌಕ ಮೂಲ ಚೌಕದ ಎರಡರಷ್ಟು ಎಂದು ಬೌಧಾಯನ ಮೊದಲು ಹೇಳುತ್ತಾನೆ. ಆಮೇಲೆ ಆಯತಕ್ಕೆ ಬರುತ್ತಾನೆ. ಅಲ್ಲಿ ಉದ್ದ ಮತ್ತು ಅಗಲಗಳು ಬೇರೆಬೇರೆಯಾಗಿ ಉಂಟುಮಾಡುವ ಚೌಕಗಳೆರಡರಷ್ಟನ್ನೂ ಕರ್ಣ ಒಂದೇ ಉಂಟುಮಾಡುತ್ತದೆ. ಶಾಲೆಯಲ್ಲಿ ಇದನ್ನು ನಾವು ಪೈಥಾಗೊರಸನ ಹೆಸರಿನಲ್ಲಿ ತ್ರಿಭುಜದ ಪ್ರಮೇಯವಾಗಿ ಕಲಿತೆವು. ಬೌಧಾಯನನ ಕಣ್ಣೆದುರು ಇದ್ದದ್ದು ಆಯತ ಮತ್ತು ಅದನ್ನು ಹಾಯುವ ಹಗ್ಗ.

ಚೌಕದ ಬದಿ 1 ಇದ್ದರೆ ಕರ್ಣ ಎಷ್ಟು? ಬದಿಗೆ ಅದರ ಮೂರನೇ ಒಂದು ಭಾಗ ಸೇರಿಸಿ, ಆ ಭಾಗದ ನಾಲ್ಕನೇ ಒಂದನ್ನು ಸೇರಿಸಿ, ಈ ಕೊನೆಯದರ 34ನೇ ಒಂದು ಭಾಗವನ್ನು ಕಳೆಯಿರಿ ಎಂಬುದು ಸೂತ್ರದ ಉತ್ತರ. ಲೆಕ್ಕ ಹಾಕಿದರೆ 577/408, ಅಂದರೆ ಸುಮಾರು 1.414216. ನಿಜಬೆಲೆ 1.414214ಕ್ಕೆ ಹತ್ತಿರ. ಬೌಧಾಯನನ ಮಾನದಲ್ಲಿ ಒಂದು ಅಂಗುಲಕ್ಕೆ 34 ಎಳ್ಳು. ಆ ವಿಚಿತ್ರವಾದ 34 ಅಲ್ಲಿಂದಲೇ ಬಂದಿರಬಹುದು ಎಂಬ ಊಹೆ ನನಗೆ ಒಪ್ಪಿಗೆಯಾಗುತ್ತದೆ. ಎಳ್ಳಿಗಿಂತ ಸಣ್ಣ ತಪ್ಪಿನಿಂದ ಯಾವ ವೇದಿಯೂ ಕೆಡುವುದಿಲ್ಲ.

ಇದಕ್ಕೂ ಹಳೆಯದು ಬ್ಯಾಬಿಲೋನಿಯದ ಒಂದು ಮಣ್ಣಿನ ಬಿಲ್ಲೆ. ಯೇಲ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಅದರ ಗುರುತು ವೈಬಿಸಿ 7289, ಕಾಲ ಕ್ರಿ.ಪೂ. 1800ರಿಂದ 1600ರ ಸುಮಾರು. ಅದರ ಮೇಲೆ ಒಂದು ಚೌಕ, ಎರಡು ಕರ್ಣಗಳು, ಬದಿಯ ಪಕ್ಕದಲ್ಲಿ 30. ಕರ್ಣದ ಬಳಿ ಅರವತ್ತರ ಮಾನದಲ್ಲಿ ಬರೆದಿರುವ ಅನುಪಾತ ನಮ್ಮ ದಶಮಾಂಶದಲ್ಲಿ 1.414213 ಆಗುತ್ತದೆ. ಬೌಧಾಯನನ ಬೆಲೆಗಿಂತಲೂ ಇದು ನಿಖರ. ಯಾರಿಂದ ಯಾರು ಕಲಿತರು ಎಂಬ ಜಗಳಕ್ಕೆ ಈ ಎರಡು ಅಂಕಿಗಳಷ್ಟರಿಂದ ಯಾವ ಪಕ್ಷಕ್ಕೂ ಬಲ ಸಿಗುವುದಿಲ್ಲ.

ಗ್ರೀಕರು ಹತ್ತಿರದ ಬೆಲೆಗೆ ತೃಪ್ತರಾಗಲಿಲ್ಲ. ಚೌಕದ ಬದಿಯನ್ನೂ ಕರ್ಣವನ್ನೂ ಪೂರ್ತಿ ಅಳೆದು ಮುಗಿಸುವ ಸಮಾನ ಅಳತೆಕೋಲು ಇರಲಾರದು ಎಂದು ಅವರು ಕಂಡುಕೊಂಡರು. ಇದ್ದರೆ ಬೆಸಸಂಖ್ಯೆಯೂ ಸಮಸಂಖ್ಯೆಯೂ ಒಂದೇ ಆಗಬೇಕಾಗುತ್ತದೆ ಎಂಬ ತರ್ಕವನ್ನು ಅರಿಸ್ಟಾಟಲ್ ಎಲ್ಲರಿಗೂ ಗೊತ್ತಿರುವ ಉದಾಹರಣೆಯಂತೆ ಉಲ್ಲೇಖಿಸುತ್ತಾನೆ. ಹೀಗೆ ಭಿನ್ನರಾಶಿಗಳ ಪಟ್ಟಿಯಲ್ಲಿಲ್ಲದ ಸಂಖ್ಯೆಯೊಂದನ್ನು ಕರ್ಣ ಬಯಲಿಗೆಳೆಯಿತು. 1891ರಲ್ಲಿ ಜರ್ಮನಿಯ ಗಣಿತಜ್ಞ ಗೇಯೋರ್ಗ್ ಕ್ಯಾಂಟರ್ ಕರ್ಣವನ್ನು ಇನ್ನೂ ದೊಡ್ಡ ಕೆಲಸಕ್ಕೆ ಹಚ್ಚಿದ. ಕೊನೆಯಿಲ್ಲದ ಅಂಕಿಸಾಲುಗಳನ್ನು ಒಂದರ ಕೆಳಗೊಂದು ಬರೆಯಿರಿ. ಮೊದಲ ಸಾಲಿನ ಮೊದಲ ಅಂಕಿ, ಎರಡನೆಯದರ ಎರಡನೇ ಅಂಕಿ, ಹೀಗೆ ಓರೆಯಾಗಿ ಇಳಿಯುತ್ತ ಪ್ರತಿಯೊಂದನ್ನೂ ಬದಲಿಸಿ. ಸಿಗುವ ಹೊಸ ಸಾಲು ಪಟ್ಟಿಯ ಪ್ರತಿ ಸಾಲಿನಿಂದಲೂ ಕನಿಷ್ಠ ಒಂದು ಸ್ಥಾನದಲ್ಲಿ ಬೇರೆ. ಎಷ್ಟೇ ಉದ್ದದ ಪಟ್ಟಿ ಮಾಡಿದರೂ ಏನೋ ಹೊರಗುಳಿಯುತ್ತದೆ! ಇಲ್ಲಿ ಹಗ್ಗವೂ ಇಲ್ಲ, ಗೆರೆಯೂ ಇಲ್ಲ. ಪಟ್ಟಿಯನ್ನು ಓದುವ ಕ್ರಮವೇ ಕರ್ಣ.

ಭಾರತದ ಗಣಿತ ಹಿಡಿದದ್ದು ಬೇರೆ ಎಳೆ. ಕ್ರಿ.ಶ. 628ರ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಬ್ರಹ್ಮಗುಪ್ತ ನಾಲ್ಕು ಬಾಹುಗಳಿಂದಲೇ ಚತುರ್ಭುಜದ ಕ್ಷೇತ್ರಫಲವನ್ನೂ ಕರ್ಣಗಳನ್ನೂ ತೆಗೆಯುವ ಸೂತ್ರ ಕೊಟ್ಟ. ನಾಲ್ಕು ಮೂಲೆಗಳೂ ಒಂದೇ ವೃತ್ತದ ಮೇಲಿದ್ದರೆ ಮಾತ್ರ ಅದು ಸರಿ. 9ನೇ ಶತಮಾನದಲ್ಲಿ ಗಣಿತಸಾರಸಂಗ್ರಹ ಬರೆದ ಜೈನ ಪಂಡಿತ ಮಹಾವೀರ, ರಾಷ್ಟ್ರಕೂಟ ಅರಸ ಅಮೋಘವರ್ಷ ನೃಪತುಂಗನನ್ನು ಗ್ರಂಥದ ಆರಂಭದಲ್ಲಿ ಹೊಗಳಿದವನು. ಎರಡು ಬೀಜಸಂಖ್ಯೆಗಳಿಂದ ಆಯತ ಹುಟ್ಟಿಸುವ ಕ್ರಮ ಅವನಲ್ಲಿದೆ: ವರ್ಗಗಳ ವ್ಯತ್ಯಾಸ ಒಂದು ಬದಿ, ಗುಣಲಬ್ಧದ ಇಮ್ಮಡಿ ಇನ್ನೊಂದು, ವರ್ಗಗಳ ಮೊತ್ತ ಕರ್ಣ. ಬೀಜ 2 ಮತ್ತು 1 ಆದರೆ 3, 4, 5. ಮೂಲೆ ನೇರ ಮಾಡಲು ಇಂದಿಗೂ ಮೇಸ್ತ್ರಿಗಳು ಬಳಸುವ ಅಳತೆ.

ಭಾಸ್ಕರಾಚಾರ್ಯ 1150ರ ಲೀಲಾವತಿಯಲ್ಲಿ ಹಿಂದಿನವರನ್ನು ಸುಮ್ಮನೆ ಬಿಡಲಿಲ್ಲ. ಕರ್ಣವನ್ನಾಗಲಿ ಲಂಬವನ್ನಾಗಲಿ ಹೇಳದೆ ಚತುರ್ಭುಜದ ಕ್ಷೇತ್ರಫಲ ಕೇಳುವವನು ಪಿಶಾಚಿ, ಉತ್ತರ ಹೇಳುವವನು ಅವನಿಗಿಂತ ದೊಡ್ಡ ಪಿಶಾಚಿ ಎಂದು ಬೈದ. ಬೈಗುಳಕ್ಕೆ ಪುರಾವೆಯೂ ಇದೆ. ನಾಲ್ಕೂ ಬದಿ 25 ಇರುವ ಆಕೃತಿ ತೆಗೆದುಕೊಳ್ಳಿ. ಒಂದು ಕರ್ಣ 30 ಆದರೆ ಇನ್ನೊಂದು 40, ಕ್ಷೇತ್ರಫಲ 600. ಒಂದು ಕರ್ಣ 14 ಆದರೆ ಇನ್ನೊಂದು 48, ಕ್ಷೇತ್ರಫಲ 336. ಚೌಕವಾದರೆ 625. ಮೇಸ್ತ್ರಿಯ ಅನುಮಾನವನ್ನು ಇಷ್ಟು ಖಚಿತವಾಗಿ ಅಂಕಿಯಲ್ಲಿ ಇಟ್ಟು ತೋರಿಸಿದ ಇನ್ನೊಂದು ಉದಾಹರಣೆ ನನಗೆ ಕಂಡಿಲ್ಲ.

ಹೆಸರಿನ ಗೊಂದಲವೊಂದನ್ನು ಇಲ್ಲಿ ಹೇಳಿಬಿಡಬೇಕು. ಹಳೆಯ ಗ್ರಂಥಗಳಲ್ಲಿ ಲಂಬಕೋನ ತ್ರಿಭುಜದ ದೊಡ್ಡ ಬಾಹುವಿಗೂ ಚತುರ್ಭುಜದ ಓರೆಗೆರೆಗೂ ಕರ್ಣ ಎಂಬ ಒಂದೇ ಹೆಸರು. ಇವತ್ತಿನ ಕನ್ನಡ ಪಠ್ಯಪುಸ್ತಕ ಮೊದಲನೆಯದನ್ನು ವಿಕರ್ಣ, ಎರಡನೆಯದನ್ನು ಕರ್ಣ ಎನ್ನುತ್ತದೆ. ಹಿಂದಿ ಪಠ್ಯದಲ್ಲಿ ಇದು ಸರಿಯಾಗಿ ತಿರುಗುಮುರುಗು. ಎರಡೂ ಭಾಷೆಯ ಪುಸ್ತಕ ಓದುವ ಮಕ್ಕಳಿಗೆ ಶಿಕ್ಷಕರು ಎಚ್ಚರ ಹೇಳುವುದು ಒಳ್ಳೆಯದು.

ನಾಲ್ಕು ಬಾಹುಗಳು ಸಾಲವು ಎಂದ ಭಾಸ್ಕರನ ಮಾತಿಗೆ ಇನ್ನೊಂದು ಮಗ್ಗುಲಿದೆ: ಕರ್ಣ ಒಂದೇ ಇದ್ದರೂ ಸಾಲದು. ಟಿವಿ ಅಂಗಡಿಯಲ್ಲಿ ಹೇಳುವ 32 ಇಂಚು ಪರದೆಯ ಕರ್ಣದ್ದು. ಅಗಲ ಎತ್ತರಗಳು 4:3ರಂತೆ ಇದ್ದ ಹಳೆಯ ಪೆಟ್ಟಿಗೆಯ ಕಾಲದಲ್ಲಿ 32 ಇಂಚಿಗೆ ಸುಮಾರು 491 ಚದರ ಇಂಚಿನ ಪರದೆ ಸಿಗುತ್ತಿತ್ತು. 16:9ರ ಈಗಿನ ಪರದೆಯಲ್ಲಿ ಅದೇ 32 ಇಂಚಿಗೆ ಸಿಗುವುದು ಸುಮಾರು 437. ನೂರಕ್ಕೆ ಹನ್ನೊಂದರಷ್ಟು ಕಡಿಮೆ. ಟಿವಿ, ಫೋನ್, ಲ್ಯಾಪ್‌ಟಾಪ್ ಯಾವುದೇ ಕೊಳ್ಳುವಾಗ ಇಂಚಿನ ಜೊತೆಗೆ ಅಗಲ ಮತ್ತು ಎತ್ತರವನ್ನೂ ಕೇಳಿ ತಿಳಿದುಕೊಳ್ಳಿ.